ಬಳಪದ ಕಲ್ಲು
(ಬಾನುಲಿ ಭಾಷಣ)

ಕನ್ನಡದಲ್ಲಿ ಬಳಪವೆಂಬ ಮಾತಿಗೆ ಎರಡು ಅರ್ಥಗಳುಂಟು. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಕಡ್ಡಿಗೂ ಬಳಪವೆಂದೇ ಹೆಸರು. ಅಂಥ ಕಡ್ಡಿಯನ್ನು ಕೊಯ್ದು ತೆಗೆಯಬಹುದಾದ ಮೆದುವಾದ ಕಲ್ಲಿಗೂ ಬಳಪವೆಂದೇ ಹೆಸರು. ನೆರೆಯ ತೆಲುಗಿನಲ್ಲಿಯೂ ಇದು ಬಲಪಮು ಎಂದು ಬಳಕೆಯಲ್ಲಿದೆ. ಸಾಹಿತ್ಯದ ವಿದ್ಯಾರ್ಥಿಯಾದವನು ಮೊದಲನೆಯ ಅರ್ಥವನ್ನು ಹಿಡಿದು ಹೊರಟರೂ ಸಾಕು, ಸ್ವಲ್ಪ ದೂರದಲ್ಲಿಯೇ ಎರಡನೆಯ ಅರ್ಥ ಅವನಿಗೆ ಎದುರಾಗುತ್ತದೆ. ಅಲ್ಲಿಂದ ಮುಂದೆ ಗುಡಿ, ಅಡಿಗೆಮನೆ, ದರ್ಜಿಯ ಅಂಗಡಿ, ಔಷಧದ ಕಾರ್ಖಾನೆ, ತೊಟ್ಟಿಲು, ಆಸ್ಪತ್ರೆ ಎಲ್ಲವೂ ಒಂದೊಂದಾಗಿ ಬರುತ್ತವೆ. ಈ ಎಲ್ಲ ಕಡೆಗಳಲ್ಲಿಯೂ ಇರುವುದು ಒಂದೇ ಖನಿಜ. ವಿಜ್ಞಾನಿಗಳು ಅದನ್ನು ಟಾಲ್ಕ್ ಎನ್ನುತ್ತಾರೆ. ಆ ಹೆಸರು ಅರಬ್ಬಿ ಮತ್ತು ಪಾರಸಿ ಭಾಷೆಗಳ ತಲ್ಕ್ ಎಂಬ ಮಾತಿನಿಂದ ಯುರೋಪಿಗೆ ಹೋಗಿ, ಅಲ್ಲಿಂದ ಪೌಡರಿನ ಡಬ್ಬಿಯ ಮೇಲೆ ಕುಳಿತು ನಮ್ಮ ಮನೆಗೆ ಬಂದಿತು. ಮನೆಯಲ್ಲಿ ಅದಕ್ಕೆ ಮೊದಲೇ ಬಳಪವಿತ್ತು. ಎರಡೂ ಒಂದೇ ಮನೆತನದವೆಂದು ಯಾರೂ ಗುರುತಿಸಲಿಲ್ಲ, ಅಷ್ಟೆ.

ಮೊದಲು ಅಕ್ಷರದ ಕಡೆಯಿಂದ ನೋಡೋಣ. ಹದಿನೈದನೆಯ ಶತಮಾನದ ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಗಳನ್ನು ಹೇಳಿಕೊಳ್ಳುವಾಗ, ತಾನು ಹಲಗೆ ಬಳಪಗಳನ್ನು ಕೈಯಲ್ಲಿ ಹಿಡಿಯದೆ ಕಾವ್ಯ ರಚಿಸಿದವನೆಂಬುದನ್ನೂ ಒಂದಾಗಿ ಎಣಿಸುತ್ತಾನೆ. ಕರಡನ್ನೇ ಮಾಡದೆ ನೇರವಾಗಿ ಬರೆದೆನೆಂಬುದು ಅದರ ತಾತ್ಪರ್ಯ. ಕವಿಯ ಹೆಮ್ಮೆ ಒತ್ತಟ್ಟಿಗಿರಲಿ. ಅದರ ಬೆನ್ನಿಗೆ ಒಂದು ಸಾಮಾಜಿಕ ಸಂಗತಿ ಅಡಗಿದೆ. ಉಳಿದ ಕವಿಗಳು ಹಲಗೆಯ ಮೇಲೆ ಬಳಪದಿಂದ ಬರೆದು, ಅಳಿಸಿ, ತಿದ್ದಿ, ಪದ್ಯ ಹದಕ್ಕೆ ಬಂದ ಮೇಲೆಯೇ ಓಲೆಗೆ ಏರಿಸುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಓಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರ ಅಳಿಯದು. ಬಳಪದ ಅಕ್ಷರ ಕೈಯೊರಸಿದರೆ ಹೋಗುತ್ತದೆ. ತಪ್ಪಿ ತಿದ್ದಿಕೊಳ್ಳುವ ಸ್ವಾತಂತ್ರ್ಯವನ್ನು ಕನ್ನಡದ ಕವಿಗೆ ಕೊಟ್ಟದ್ದು ಈ ಮೆದು ಕಲ್ಲು.

ಕವಿಗಳಿಗೆ ಮಾತ್ರವಲ್ಲ, ವರ್ತಕರಿಗೂ ಮಠಗಳಿಗೂ ಇದೇ ಲೇಖನಿಯಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನು ಬಳಿದು, ಇದ್ದಿಲಿನಿಂದ ಕಪ್ಪುಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಪುಸ್ತಕದಂತೆ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಲೆಕ್ಕ ತೀರಿದ ಮೇಲೆ ಒರಸಿ ಮತ್ತೆ ಬರೆಯಬಹುದಾಗಿತ್ತು. ಒರಸದೆ ಜೋಪಾನ ಮಾಡಿದರೆ ತಲೆಮಾರುಗಳ ಕಾಲ ಉಳಿಯುತ್ತಿತ್ತು. ಶೃಂಗೇರಿಯ ಮಠದಲ್ಲಿ ಇಂಥ ಹಳೆಯ ಕಡತಗಳು ದೊರೆತಿವೆ. ಇಂದು ಸರಕಾರಿ ಕಚೇರಿಯಲ್ಲಿ ಕಡತ ವಿಲೇವಾರಿಯಾಯಿತೇ ಎಂದು ವಿಚಾರಿಸುವಾಗ ನಾವು ಆ ಕರಿಯ ಬಟ್ಟೆಯ ಹೆಸರನ್ನೇ ಹೇಳುತ್ತಿದ್ದೇವೆ. ಬಟ್ಟೆ ಹೋಯಿತು, ಬಳಪ ಹೋಯಿತು, ಮಾತು ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು; ಮುಂದೆ ಬರುವ ವಿಚಾರಕ್ಕೆ ಅದು ಅಗತ್ಯ. ಬರೆಯುವ ಬಿಳಿಯ ಕಡ್ಡಿಗಳೆಲ್ಲವೂ ಒಂದೇ ವಸ್ತುವಲ್ಲ. ಕರಿಹಲಗೆಯ ಮೇಲೆ ಉಪಾಧ್ಯಾಯರು ಬರೆಯುವ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್ಮಿನದು, ಇಲ್ಲವೆ ಸುಣ್ಣದ ಅಂಶದ್ದು. ಶಾಲೆಯ ಮಕ್ಕಳ ಬೂದುಬಣ್ಣದ ಗಡುಸಾದ ಕಡ್ಡಿ ಅನೇಕ ವೇಳೆ ಜೇಡಿ ಪದರಗಲ್ಲಿನದು. ಅದರಲ್ಲಿ ಮರಳಿನ ಅಂಶ ಬಹಳ. ಮುಟ್ಟಿದರೆ ಸಾಬೂನಿನಂತೆ ಜಾರುವ, ಬಿಳುಪಾದ ಅಥವಾ ನಸುಹಸುರಾದ ಬಳಪ ಮಾತ್ರ ನಿಜವಾದ ಬಳಪದ ಕಲ್ಲಿನದು. ಕರಾವಳಿಯವರು ಕಡ್ಡಿ ಎಂದು ಕರೆಯಲಿ, ಹಳೆಯ ಮೈಸೂರಿನವರು ಬಳಪವೆನ್ನಲಿ, ಉತ್ತರ ಕರ್ನಾಟಕದ ಮಗು ಅದನ್ನು ಪಾಟಿಯ ಮೇಲೆ ತೀಡಲಿ, ಹೆಸರಿನಿಂದ ವಸ್ತುವನ್ನು ನಿರ್ಣಯಿಸುವಂತಿಲ್ಲ. ಬೆರಳಿನಿಂದ ಮುಟ್ಟಿ ನೋಡಬೇಕು.

ಮುಟ್ಟಿದರೆ ಆ ಜಾರು ಎಲ್ಲಿಂದ ಬರುತ್ತದೆ? ಟಾಲ್ಕ್ ಎಂಬುದು ಮೆಗ್ನೀಸಿಯಮ್, ಸಿಲಿಕಾನ್, ಆಮ್ಲಜನಕ, ಜಲಜನಕ ಈ ನಾಲ್ಕು ಧಾತುಗಳ ಸಂಯೋಗ. ಇದನ್ನು ಪದರ ರಚನೆಯ ಸಿಲಿಕೇಟುಗಳ ಗುಂಪಿಗೆ, ಜೇಡಿ ಖನಿಜಗಳ ಹತ್ತಿರದ ಬಳಗಕ್ಕೆ ಸೇರಿಸುತ್ತಾರೆ. ನಮ್ಮ ಚಿರೋಟಿಯನ್ನು ನೆನೆದುಕೊಂಡರೆ ಇದರ ರಚನೆ ಸುಲಭವಾಗಿ ತಿಳಿಯುತ್ತದೆ. ಎರಡು ಸಿಲಿಕಾ ಹಾಳೆಗಳ ನಡುವೆ ಮೆಗ್ನೀಸಿಯಮ್ಮಿನ ಒಂದು ಹಾಳೆ. ಈ ಮೂರೂ ಬಿಗಿಯಾಗಿ ಬೆಸೆದುಕೊಂಡು ಒಂದು ಪದರವಾಗುತ್ತವೆ. ಅಂಥ ಅಸಂಖ್ಯಾತ ಪದರಗಳು ಒಂದರ ಮೇಲೊಂದು ಕುಳಿತಿವೆ. ಪದರದ ಒಳಗಿನ ಬೆಸುಗೆ ಬಲವಾದದ್ದು. ಪದರ ಪದರಕ್ಕೂ ನಡುವಣ ಹಿಡಿತ ಮಾತ್ರ ತೀರ ಸಡಿಲ. ಬೆರಳು ತಗುಲಿದೊಡನೆ ಮೇಲಿನ ಪದರ ಕೆಳಗಿನದರ ಮೇಲೆ ಜಾರುತ್ತದೆ. ಸ್ಲೇಟಿನ ಮೇಲೆ ಎಳೆದಾಗ ಆ ಪದರಗಳು ಬಿಟ್ಟುಕೊಂಡು ಕಲ್ಲಿಗೆ ಅಂಟುತ್ತವೆ. ನಾವು ಅಕ್ಷರವೆಂದು ಓದುವುದು, ಹೀಗೆ ಕಳಚಿ ಬಿದ್ದ ಪದರಗಳ ಸಾಲನ್ನು.

1812ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಶ್ ಮೋಸ್ ಖನಿಜಗಳ ಗಡಸುತನವನ್ನು ಅಳೆಯಲು ಹತ್ತು ಮೆಟ್ಟಿಲುಗಳ ಒಂದು ಏಣಿಯನ್ನು ರೂಪಿಸಿದ. ಹತ್ತನೆಯ ಮೆಟ್ಟಿಲಿನಲ್ಲಿ ವಜ್ರ. ಒಂದನೆಯ ಮೆಟ್ಟಿಲಿನಲ್ಲಿ ಟಾಲ್ಕ್. ನಮ್ಮ ಉಗುರು ಸುಮಾರು ಎರಡೂವರೆಯ ಹತ್ತಿರ ನಿಲ್ಲುತ್ತದೆ. ಎಂದರೆ ಉಗುರಿಗೆ ಸೋಲುವ ಕಲ್ಲು ಇದು. ಕಲ್ಲೆದೆ, ಕಲ್ಲುಮನಸ್ಸು ಎಂದು ಕಾಠಿಣ್ಯಕ್ಕೆಲ್ಲ ಕಲ್ಲನ್ನೇ ಹೋಲಿಸುವ ನಮ್ಮ ಭಾಷೆಯಲ್ಲಿ ಈ ಕಲ್ಲು ಒಂದು ಅಪವಾದ.

ನೀರಿನೊಡನೆ ಇದರ ನಡವಳಿಕೆಯೂ ವಿಚಿತ್ರ. ಗದಗ, ಧಾರವಾಡ, ವಿಜಯಪುರ, ರಾಯಚೂರುಗಳ ಎರೆಯ ನೆಲವನ್ನು ಬಲ್ಲವರಿಗೆ ಜೇಡಿಯ ಸ್ವಭಾವ ಗೊತ್ತು. ಮಳೆ ಬಿದ್ದರೆ ಎರೆ ಉಬ್ಬುತ್ತದೆ, ಕಾಲಿಗೆ ಮೆತ್ತುತ್ತದೆ. ಬೇಸಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಅಗಲವಾಗಿ ಬಿರಿಯುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವೂ ಬಳಪದಂತೆಯೇ ಪದರಗಳದು. ಆದರೆ ಅದರ ಪದರಗಳಲ್ಲಿ ವಿದ್ಯುದಂಶದ ಒಂದು ಕೊರತೆಯಿದೆ. ಆ ಕೊರತೆಯನ್ನು ತುಂಬಲು ನಡುವೆ ಬಂದು ಕೂರುವ ಲವಣಾಂಶಗಳು ನೀರನ್ನು ಒಳಕ್ಕೆ ಕರೆಯುತ್ತವೆ. ಟಾಲ್ಕಿನ ಪದರ ತನ್ನಲ್ಲಿ ತಾನು ಪೂರ್ಣ. ಅದಕ್ಕೆ ಯಾವ ಕೊರತೆಯೂ ಇಲ್ಲ, ಆದ್ದರಿಂದ ಯಾರನ್ನೂ ನಡುವೆ ಕರೆಯುವುದಿಲ್ಲ. ಅದು ನೀರಿನಲ್ಲಿ ಉಬ್ಬದು, ಕಲಸಿದರೆ ಕುಂಬಾರನ ಮಣ್ಣಿನಂತೆ ಹದಕ್ಕೆ ಬಾರದು. ನೀರಿಗಿಂತ ಎಣ್ಣೆಯೇ ಅದಕ್ಕೆ ಹೆಚ್ಚು ಪ್ರಿಯ. ಪೌಡರು ಬೆವರನ್ನು ಹೀರುತ್ತದೆಂದು ನಾವು ತಿಳಿದಿರುವುದು ಬಹುಮಟ್ಟಿಗೆ ಭ್ರಮೆ; ಅದು ಮುಖ್ಯವಾಗಿ ಮಾಡುವುದು ಚರ್ಮಕ್ಕೆ ಚರ್ಮ, ಚರ್ಮಕ್ಕೆ ಬಟ್ಟೆ ಉಜ್ಜದಂತೆ ಜಾರಿಸುವ ಕೆಲಸವನ್ನು.

ಬೆಂಕಿಯ ಎದುರಿನಲ್ಲಿ ಈ ಮೆದು ಕಲ್ಲು ಬೇರೊಂದು ಸ್ವಭಾವವನ್ನು ತೋರುತ್ತದೆ. ಸಾಧಾರಣ ಒಲೆಯ ಉರಿ ಅದನ್ನು ಏನೂ ಮಾಡಲಾರದು. ಆದರೆ 800, 900 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದರೆ ಅದರೊಳಗಿನ ನೀರಿನಂಶ ಹೊರಬಿದ್ದು, ಪದರದ ರಚನೆ ಮುರಿದು, ಅದು ಬೇರೆಯ ಖನಿಜವಾಗಿ ಗಡುಸಾಗುತ್ತದೆ. ಸಿಂಧೂ ಕಣಿವೆಯ ಶಿಲ್ಪಿಗಳು ಇದನ್ನು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ಮೊಹೆಂಜೊದಾರೊ, ಹರಪ್ಪಗಳ ಪ್ರಸಿದ್ಧ ಮುದ್ರೆಗಳಲ್ಲಿ ಬಹುಪಾಲು ಈ ಕಲ್ಲಿನವೇ. ಮೆದುವಾಗಿದ್ದಾಗ ಗೂಳಿಯನ್ನೂ ಅಕ್ಷರಗಳನ್ನೂ ಕೊರೆದು, ಆಮೇಲೆ ಸುಟ್ಟು ಬಿಳುಪಾಗಿಯೂ ಗಟ್ಟಿಯಾಗಿಯೂ ಮಾಡಿದರು. ಆ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಓದಿದವರು ಇನ್ನೂ ಇಲ್ಲ. ನಮ್ಮ ನಾಡಿನಲ್ಲಿ ಬಳಪ ಲೇಖನಿಯಾಯಿತು. ಅಲ್ಲಿ ಅದೇ ಕಲ್ಲು ಪುಟವಾಗಿತ್ತು.

ಅಷ್ಟು ದೂರ ಹೋಗಬೇಕಾಗಿಲ್ಲ. ಮಲೆನಾಡಿನ ಹಳೆಯ ಅಡಿಗೆಮನೆಗಳಲ್ಲಿ ಕಲ್ಮರಿಗೆ ಇರುತ್ತಿತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ತಮಿಳರು ಇದನ್ನು ಕಲ್ಚಟ್ಟಿ ಎನ್ನುತ್ತಾರೆ. ಬಳಪದ ಕಲ್ಲಿನ ಒಂದೇ ತುಂಡನ್ನು ಕಡೆದು ಮಾಡಿದ ಪಾತ್ರೆ ಅದು. ಹುಳಿ, ಗೊಜ್ಜು, ಉಪ್ಪಿನಕಾಯಿಗಳಿಗೆ ಅದೇ ಬೇಕು. ಏಕೆಂದರೆ ಹುಳಿಯಾಗಲಿ ಉಪ್ಪಾಗಲಿ ಟಾಲ್ಕನ್ನು ತಿನ್ನಲಾರವು. ಹಿತ್ತಾಳೆ ಕಿಲುಬುಗಟ್ಟುವಲ್ಲಿ, ಕಬ್ಬಿಣ ಕರೆಗಟ್ಟುವಲ್ಲಿ ಕಲ್ಮರಿಗೆ ಸುಮ್ಮನಿರುತ್ತದೆ. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ; ಒಲೆಯಿಂದ ಇಳಿಸಿದ ಮೇಲೂ ಹುಳಿ ಸ್ವಲ್ಪ ಹೊತ್ತು ಕುದಿಯುತ್ತಲೇ ಇರುತ್ತದೆ. ಹೊಸ ಪಾತ್ರೆಯನ್ನು ತಂದ ದಿನವೇ ಒಲೆಗೇರಿಸಿದರೆ ಮಾತ್ರ ಸೀಳುತ್ತದೆ. ಹರಳೆಣ್ಣೆ ಸವರಿ, ಬಿಸಿ ಗಂಜಿಯನ್ನು ದಿನದಿನವೂ ತುಂಬಿಟ್ಟು ಅದನ್ನು ಪಳಗಿಸಬೇಕು. ಮನೆಗೆ ಹೊಸದಾಗಿ ಬಂದ ದನವನ್ನು ಪಳಗಿಸುವಂತೆ ಇದೂ ತಾಳ್ಮೆಯ ಕೆಲಸ. ಆ ತಾಳ್ಮೆ ಕಡಿಮೆಯಾದುದರಿಂದಲೇ ಮರಿಗೆಗಳು ಅಟ್ಟವನ್ನು ಸೇರಿದುವು.

ಕನ್ನಡ ನಾಡು ಈ ಕಲ್ಲಿನಿಂದ ಪಡೆದ ದೊಡ್ಡ ಸಂಪತ್ತು ಗುಡಿಗಳಲ್ಲಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಿಗಳಿಗೆ ದೊರೆತದ್ದು ಮರಳುಗಲ್ಲು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅಣ್ಣಿಗೇರಿ, ಲಕ್ಕುಂಡಿ, ಇಟಗಿಗಳಲ್ಲಿ ಬಳಪದ ಕಲ್ಲು ಬಳಕೆಗೆ ಬಂದಿತು. ಕಲ್ಲು ಬದಲಾದೊಡನೆ ಕಲೆಯೂ ಬದಲಾಯಿತು. ಕಂಬಗಳನ್ನು ಚರಕಿಯ ಮೇಲೆ ತಿರುಗಿಸಿ ಕಡೆಯಲು ಸಾಧ್ಯವಾಯಿತು. ಬಳೆ ಬಳೆಯಾಗಿ, ಗಂಟೆಯ ಆಕಾರದಲ್ಲಿ, ಕನ್ನಡಿಯಂತೆ ಹೊಳೆಯುವ ಕಂಬಗಳು ಎದ್ದು ನಿಂತುವು. 1112ರ ಇಟಗಿಯ ಮಹಾದೇವ ದೇವಾಲಯ, 1117ರ ಬೇಲೂರು, ಅದರ ಬೆನ್ನಿಗೆ ಹಳೇಬೀಡು, ಮುಂದಿನ ಶತಮಾನದಲ್ಲಿ ಸೋಮನಾಥಪುರ ಇವೆಲ್ಲವೂ ಇದೇ ಜಾತಿಯ ಕಲ್ಲಿನಿಂದ ಆದ ಗುಡಿಗಳು. ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋರೈಟ್ ಪದರಶಿಲೆ ಎಂದು ಹೆಚ್ಚು ಖಚಿತವಾಗಿ ಕರೆಯುತ್ತಾರೆ. ಕ್ಲೋರೈಟೆಂಬುದು ಟಾಲ್ಕಿನ ದಾಯಾದಿ. ಟಾಲ್ಕಿನಂಥ ಪದರಗಳ ನಡುವೆ ಇನ್ನೊಂದು ಹಾಳೆ ಸೇರಿದರೆ ಕ್ಲೋರೈಟಾಗುತ್ತದೆ. ಆ ಕಲ್ಲಿನ ನಸುಹಸುರಿಗೆ ಅದೇ ಕಾರಣ.

ಬೇಲೂರಿನ ಮದನಿಕೆಯ ಬೆರಳಿನ ಉಂಗುರವನ್ನು, ಕೊರಳ ಹಾರದ ಒಂದೊಂದು ಮಣಿಯನ್ನು ಬಿಡಿಬಿಡಿಯಾಗಿ ತೋರಿಸಿದ ಕೌಶಲ ಕಣಶಿಲೆಯಲ್ಲಿ ಸುಲಭವಾಗಿ ಸಾಗದು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವುದೆಂದು ಕುಶಲಕರ್ಮಿಗಳಲ್ಲಿ ಪ್ರತೀತಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಮೊದಲಾದವರು ತಮ್ಮ ಹೆಸರುಗಳನ್ನು ಶಿಲ್ಪಗಳ ಅಡಿಯಲ್ಲಿಯೇ ಕೊರೆದಿದ್ದಾರೆ. ಅರಸರ ಹೆಸರುಗಳನ್ನಷ್ಟೇ ಉಳಿಸಿಕೊಂಡ ಕಾಲದಲ್ಲಿ ಕೆಲಸಗಾರನ ಹೆಸರೂ ಉಳಿದದ್ದು ಇಲ್ಲಿ. ಕೊರೆಯಲು ಸುಲಭವಾದ ಕಲ್ಲು ಆ ಧೈರ್ಯಕ್ಕೆ ಒತ್ತಾಸೆಯಾಯಿತೆಂದು ಊಹಿಸಿದರೆ ಅತಿಶಯವಾಗದು.

ಇಂದಿನ ದಿನಬಳಕೆಯಲ್ಲಿ ಟಾಲ್ಕ್ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ. ದರ್ಜಿ ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ಬಿಲ್ಲೆಗೆ ಫ್ರೆಂಚ್ ಚಾಕ್ ಎಂದು ಹೆಸರಿದ್ದರೂ ಮೂಲತಃ ಅದು ಬಳಪವೇ. ವೆಲ್ಡಿಂಗ್ ಮಾಡುವವನು ಕಬ್ಬಿಣದ ಮೇಲೆ ಗುರುತು ಹಾಕುವುದೂ ಬಳಪದಿಂದ. ಬೆಂಕಿ ತಾಗಿದರೂ ಆ ಗೆರೆ ಮಾಸದು. ರಬ್ಬರಿನ ಟ್ಯೂಬುಗಳು ಒಂದಕ್ಕೊಂದು ಅಂಟದಂತೆ ಉದುರಿಸುವ ಬಿಳಿಯ ಪುಡಿ ಇದು. ಕಾಗದಕ್ಕೆ ನುಣುಪು ಕೊಡಲು, ಗೋಡೆಯ ಬಣ್ಣಕ್ಕೆ ಮೈ ಕೊಡಲು, ಕಾರಿನ ಒಳಗಿನ ಪ್ಲಾಸ್ಟಿಕ್ಕಿಗೆ ಬಿಗಿ ಕೊಡಲು, ವಿದ್ಯುತ್ತನ್ನು ತಡೆಯುವ ಪಿಂಗಾಣಿ ಬಿಲ್ಲೆಗಳನ್ನು ಸುಡಲು ಇದೇ ಬೇಕು. ನಾವು ನುಂಗುವ ಎಷ್ಟೋ ಮಾತ್ರೆಗಳಲ್ಲಿಯೂ ಅಚ್ಚಿಗೆ ಅಂಟಬಾರದೆಂದು ಇದರ ಚಿಟಿಕೆಯೊಂದು ಇರುತ್ತದೆ. ಎಲ್ಲ ಕಡೆಗಳಲ್ಲಿಯೂ ಮಾಡುವ ಕೆಲಸ ಬೇರೆ ಬೇರೆಯೆಂದು ತೋರಿದರೂ ಬಳಸಿಕೊಳ್ಳುವುದು ಅವೇ ಮೂರು ಗುಣಗಳನ್ನು: ಜಾರುವಿಕೆ, ಬೆಂಕಿಗೆ ಬಗ್ಗದಿರುವಿಕೆ, ಹುಳಿ ಕ್ಷಾರಗಳೊಡನೆ ಸೇರದಿರುವಿಕೆ.

ಇಷ್ಟು ಹೇಳಿ ಮುಗಿಸಿದರೆ ಈ ಭಾಷಣ ಒಂದು ಸ್ತೋತ್ರವಾದೀತು. ಆದರೆ ಕಲ್ಲು ಕಲ್ಲಾಗಿರುವವರೆಗೆ ಒಂದು ಕಥೆ, ಅದು ಪುಡಿಯಾಗಿ ಗಾಳಿಗೆ ಏರಿದ ಮೇಲೆ ಇನ್ನೊಂದು ಕಥೆ.

ಮಧ್ಯಪ್ರದೇಶದ ಮಂದಸೌರ್ ಸ್ಲೇಟಿನ ಕಡ್ಡಿಗಳಿಗೆ ಹೆಸರಾದ ಊರು. ಆ ಕಡ್ಡಿಯ ಕಲ್ಲು ನಾನು ಆಗಲೇ ಹೇಳಿದ ಪದರಗಲ್ಲು, ಮರಳಿನ ಅಂಶ ಹೆಚ್ಚಾಗಿರುವಂಥದು. ವಿದ್ಯುತ್ತಿನ ಗರಗಸಗಳು ಬಂದು ಕಲ್ಲನ್ನು ವೇಗವಾಗಿ ಕೊಯ್ಯತೊಡಗಿದ ಮೇಲೆ ಧೂಳು ದಟ್ಟವಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವೈದ್ಯರು ಅಲ್ಲಿಯ ಕಾರ್ಮಿಕರನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ವರದಿಯಂತೆ, ಪರೀಕ್ಷೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ತಗುಲಿತ್ತು. ಸಿಲಿಕೋಸಿಸ್ ಎಂದರೆ ಮರಳಿನ ಸೂಕ್ಷ್ಮ ಕಣಗಳಿಂದ ಶ್ವಾಸಕೋಶ ಗಂಟುಗಟ್ಟಿ, ಉಸಿರು ಸಾಲದಾಗುವ ರೋಗ. ಒಮ್ಮೆ ಬಂದರೆ ಅದನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಮಕ್ಕಳು ಅ ಆ ಇ ಈ ಬರೆಯಲೆಂದು ಕಡ್ಡಿ ಕೊಯ್ಯುತ್ತಿದ್ದವರು ಯೌವನದಲ್ಲಿಯೇ ಏದುಸಿರು ಬಿಡುವಂತಾಯಿತು. ಅಕ್ಷರದ ಬೆಲೆಯನ್ನು ಕುರಿತು ನಾವು ಬಹಳ ಭಾಷಣಗಳನ್ನು ಕೇಳಿದ್ದೇವೆ. ಆ ಲೆಕ್ಕದಲ್ಲಿ ಈ ಬೆಲೆಯನ್ನು ಸೇರಿಸಿದವರು ವಿರಳ.

ಶುದ್ಧವಾದ ಟಾಲ್ಕಿನ ಧೂಳು ಮರಳಿನ ಧೂಳಿನಷ್ಟು ಕ್ರೂರವಲ್ಲ. ಆದರೂ ವರ್ಷಾನುಗಟ್ಟಲೆ ಅದನ್ನು ಉಸಿರಾಡಿದ ಗಣಿಯವರಿಗೂ ಗಿರಣಿಯವರಿಗೂ ಶ್ವಾಸಕೋಶದ ರೋಗ ಬರುವುದುಂಟು. ವೈದ್ಯರು ಅದಕ್ಕೆ ಟಾಲ್ಕೋಸಿಸ್ ಎಂದೇ ಹೆಸರಿಟ್ಟಿದ್ದಾರೆ. ಇದಕ್ಕಿಂತ ಹೆಚ್ಚಿನ ಚಿಂತೆ ಇನ್ನೊಂದು. ಭೂಮಿಯೊಳಗೆ ಟಾಲ್ಕ್ ಹುಟ್ಟುವ ಕೆಲವು ಎಡೆಗಳಲ್ಲಿಯೇ ಆಸ್ಬೆಸ್ಟಾಸ್ ಜಾತಿಯ ನಾರು ಖನಿಜಗಳೂ ಹುಟ್ಟುತ್ತವೆ. ಒಂದು ಪದರ ಪದರವಾಗಿ ಬಿಡುವುದು, ಇನ್ನೊಂದು ಸೂಜಿಯಂತೆ ಎಳೆಎಳೆಯಾಗಿ ಬಿಡುವುದು. ಅಗೆಯುವಾಗ ಎರಡೂ ಬೆರೆತು ಬಂದರೆ ಬರಿಗಣ್ಣಿಗೆ ಬೇರೆಯಾಗಿ ಕಾಣವು. ಆಸ್ಬೆಸ್ಟಾಸ್ ಕ್ಯಾನ್ಸರನ್ನು ತರುವುದೆಂಬುದು ಸಂದೇಹವಿಲ್ಲದ ಸಂಗತಿ.

ಈ ಕಾರಣದಿಂದಲೇ ಅಮೆರಿಕದಲ್ಲಿ ಮಗುವಿನ ಪೌಡರಿನ ಮೇಲೆ ಸಾವಿರಾರು ಮೊಕದ್ದಮೆಗಳು ಹೂಡಲ್ಪಟ್ಟುವು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ತನ್ನ ಪೌಡರು ನಿರಪಾಯಕಾರಿಯೆಂದು ವಾದಿಸುತ್ತಲೇ, ಟಾಲ್ಕಿನ ಬೇಬಿ ಪೌಡರನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ ನಿಲ್ಲಿಸುವುದಾಗಿ 2020ರಲ್ಲಿ ಸಾರಿತು. 2023ರಲ್ಲಿ ಜಗತ್ತಿನಾದ್ಯಂತ ಅದನ್ನು ಕೈಬಿಟ್ಟು ಮೆಕ್ಕೆಜೋಳದ ಪಿಷ್ಟದ ಪೌಡರಿಗೆ ತಿರುಗಿತು. 2024ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆ ಟಾಲ್ಕನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಬಹುಶಃ ಎಂಬ ಮಾತನ್ನು ಇಲ್ಲಿ ಎರಡು ಬಗೆಯಲ್ಲಿಯೂ ಗಮನಿಸಬೇಕು. ಅದು ಸಿದ್ಧವಾಯಿತೆಂಬ ಮಾತಲ್ಲ. ಸುಳ್ಳೆಂದು ತಳ್ಳಿಹಾಕುವ ಮಾತೂ ಅಲ್ಲ. ಅದು ಹೇಳುವುದು ಸಾಕ್ಷ್ಯದ ಬಲವನ್ನು, ಅಪಾಯದ ಪ್ರಮಾಣವನ್ನಲ್ಲ. ಒಂದು ಡಬ್ಬಿ ಪೌಡರು ಬಳಸಿದವರೆಲ್ಲ ಹೆದರಿ ಕೂರಬೇಕಾಗಿಲ್ಲ.

ಕ್ಯಾನ್ಸರಿನ ವಿವಾದ ಹೇಗೇ ಇರಲಿ, ಹಸುಗೂಸಿನ ವಿಷಯದಲ್ಲಿ ಮಕ್ಕಳ ವೈದ್ಯರ ಸಲಹೆ ಸ್ಪಷ್ಟವಾಗಿದೆ. ಮಗುವಿಗೆ ಪೌಡರು ಅಗತ್ಯವಿಲ್ಲ. ತಾಯಿ ಪ್ರೀತಿಯಿಂದ ಪೌಡರು ತಟ್ಟುವಾಗ ಏಳುವ ಬಿಳಿಯ ಮೋಡವನ್ನು ಮೊದಲು ಉಸಿರಾಡುವುದು ಮಗುವೇ. ಡಬ್ಬಿಯನ್ನೇ ಮುಖದ ಮೇಲೆ ಸುರಿದುಕೊಂಡು ಉಸಿರುಗಟ್ಟಿದ ಕೂಸುಗಳ ವೃತ್ತಾಂತಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ನಮ್ಮ ದೇಶದಲ್ಲಿ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಪೌಡರು ತಟ್ಟಿ ದೃಷ್ಟಿಬೊಟ್ಟು ಇಟ್ಟರೆ ಮಾತ್ರ ಬಾಣಂತನ ಸಾಂಗವಾಯಿತೆಂಬ ಭಾವನೆಯಿದೆ. ಆ ಸರಣಿಯಲ್ಲಿ ಹೊಗೆಯನ್ನೂ ಪೌಡರನ್ನೂ ಬಿಟ್ಟರೆ ವಾತ್ಸಲ್ಯಕ್ಕೆ ಕೊರತೆಯಾಗದು. ಒಣಗಿದ ಮೆದುವಾದ ಹತ್ತಿಯ ಬಟ್ಟೆಯಿಂದ ಮೈಯ ಮಡಿಕೆಗಳನ್ನು ಒತ್ತಿ ಒರಸಿದರೆ ಸಾಕು.

ಶಸ್ತ್ರವೈದ್ಯರಿಗೂ ಇಂಥದೇ ಪಾಠವಾಯಿತು. ಕೈಗವಸು ಸುಲಭವಾಗಿ ಜಾರಲೆಂದು ಹಿಂದೆ ಅದಕ್ಕೆ ಟಾಲ್ಕ್ ಹಾಕುತ್ತಿದ್ದರು. ಹೊಟ್ಟೆಯೊಳಗೆ ಬಿದ್ದ ಆ ಪುಡಿ ಕರಗದೆ, ಸುತ್ತಲಿನ ಅಂಗಾಂಶ ಕೆರಳಿ ಗಂಟುಗಟ್ಟುವುದು ಕಂಡುಬಂದಿತು. ಟಾಲ್ಕ್ ಹೋಗಿ ಪಿಷ್ಟದ ಪುಡಿ ಬಂದಿತು. ಅದೂ ತೊಂದರೆ ಕೊಟ್ಟಿತೆಂದು ಅಮೆರಿಕದಲ್ಲಿ 2017ರಿಂದ ಪುಡಿ ಹಾಕಿದ ಕೈಗವಸುಗಳನ್ನೇ ನಿಷೇಧಿಸಿದರು. ಆದರೆ ಆ ಕೆರಳಿಸುವ ಗುಣವನ್ನೇ ವೈದ್ಯರು ಚಿಕಿತ್ಸೆಯಾಗಿಯೂ ಬಳಸಿಕೊಂಡಿದ್ದಾರೆ. ಶ್ವಾಸಕೋಶದ ಸುತ್ತಣ ಎರಡು ಪೊರೆಗಳ ನಡುವೆ ಪದೇ ಪದೇ ನೀರು ತುಂಬುವ ರೋಗಿಗಳಲ್ಲಿ, ಕ್ರಿಮಿರಹಿತವಾಗಿ ಶುದ್ಧಿಮಾಡಿದ ಟಾಲ್ಕನ್ನು ಆ ಎಡೆಗೆ ಸೇರಿಸುತ್ತಾರೆ. ಪೊರೆಗಳು ಕೆರಳಿ ಒಂದಕ್ಕೊಂದು ಅಂಟಿಕೊಂಡು, ನೀರು ನಿಲ್ಲಲು ಜಾಗವಿಲ್ಲದಂತಾಗುತ್ತದೆ. ಪದಾರ್ಥ ಒಂದೇ, ಯಾರ ಕೈಯಲ್ಲಿ, ಎಲ್ಲಿ, ಎಷ್ಟು ಎಂಬುದರ ಮೇಲೆ ಅದು ಮದ್ದೋ ಮುಳ್ಳೋ ಆಗುತ್ತದೆ.

ಇನ್ನು ಬಳಪ ತಿನ್ನುವ ಅಭ್ಯಾಸ. ಶಾಲೆಯ ಮಕ್ಕಳಲ್ಲಿಯೂ ಬಸುರಿಯರಲ್ಲಿಯೂ ಇದು ಹಳೆಯ ಚಾಳಿ. ಈಚೆಗೆ ತಿನ್ನಲೆಂದೇ ಬಳಪವನ್ನು ಮಾರುವವರೂ ಹುಟ್ಟಿದ್ದಾರೆ. ಹಿರಿಯರು ಇದನ್ನು ಕಂಡರೆ ಗದರುತ್ತಾರೆ, ಇಲ್ಲವೆ ಬಯಕೆಯೆಂದು ನಗುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಮಣ್ಣು ಬಳಪಗಳ ಮೇಲಿನ ಈ ಆಸೆ ಅನೇಕ ವೇಳೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿದೆಯೆಂಬುದರ ಸೂಚನೆ. ಚರಕಸಂಹಿತೆ ಐದು ಬಗೆಯ ಪಾಂಡುರೋಗಗಳನ್ನು ಹೇಳುವಾಗ ಮಣ್ಣು ತಿನ್ನುವುದರಿಂದ ಬರುವುದನ್ನು ಐದನೆಯದಾಗಿ ಎಣಿಸಿದೆ. ಬಿಳಿಚಿದ ಮುಖಕ್ಕೂ ಮಣ್ಣಿನ ಆಸೆಗೂ ನಂಟಿರುವುದನ್ನು ಅಂದಿನವರು ಕಂಡಿದ್ದರು. ಮಗು ಬಳಪವನ್ನು ಕಚ್ಚಿದರೆ ಕೈಯಿಂದ ಕಸಿಯುವುದಷ್ಟೇ ಅಲ್ಲ, ರಕ್ತ ಪರೀಕ್ಷೆ ಮಾಡಿಸುವುದೂ ಮುಖ್ಯ.

ಮನುಷ್ಯರ ಮಾತಾಯಿತು, ಬೆಟ್ಟದ ಮಾತನ್ನೂ ಆಡಬೇಕು. ನಮ್ಮ ದೇಶದಲ್ಲಿ ಟಾಲ್ಕ್ ಹೇರಳವಾಗಿ ದೊರೆಯುವುದು ರಾಜಸ್ಥಾನದಲ್ಲಿ. ಹಿಮಾಲಯದ ಉತ್ತರಾಖಂಡದಲ್ಲಿಯೂ ಅದನ್ನು ಅಗೆದಿದ್ದಾರೆ. ಅಲ್ಲಿಯ ಜನ ಅದನ್ನು ಖಡಿಯಾ ಎನ್ನುತ್ತಾರೆ. ಬಾಗೇಶ್ವರ ಜಿಲ್ಲೆಯ ಹಳ್ಳಿಗಳಲ್ಲಿ ಗುಡ್ಡದ ಇಳಿಜಾರನ್ನು ಅಗೆದ ಮೇಲೆ ಮನೆಗಳ ಗೋಡೆಗಳು ಬಿರುಕು ಬಿಟ್ಟುವೆಂದು ಜನ ದೂರಿದರು. 2025ರ ಜನವರಿಯಲ್ಲಿ ಆ ರಾಜ್ಯದ ಉಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಗೆ ತಡೆಯಾಜ್ಞೆ ಕೊಟ್ಟಿತು. ಜಾರುವ ಗುಣವನ್ನೇ ನೆಚ್ಚಿ ಅಗೆಯುವ ಖನಿಜ ಅದು. ಅದನ್ನು ಹೊತ್ತ ಇಳಿಜಾರಿನ ಬುಡವನ್ನು ಬಿಡಿಸಿದರೆ ಊರು ನೆಮ್ಮದಿಯಾಗಿ ನಿಂತಿರಲಾರದು.

ನಮ್ಮ ಗುಡಿಗಳಿಗೂ ಇದೇ ಮೆದುತನ ಒಂದು ಅಪಾಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದುವು. ಸಂತೋಷದ ವಿಷಯ, ನೋಡಲು ಬರುವವರೂ ಹೆಚ್ಚುತ್ತಾರೆ. ಆದರೆ ಉಳಿಗೆ ಅಷ್ಟು ಸುಲಭವಾಗಿ ಒಲಿದ ಕಲ್ಲು ಬೀಗದ ಕೈಯ ಮೊನೆಗೂ ಅಷ್ಟೇ ಸುಲಭವಾಗಿ ಒಲಿಯುತ್ತದೆ. ದಾಸೋಜ ತನ್ನ ಹೆಸರನ್ನು ಕೊರೆಯಲು ಒಂದು ಮದನಿಕೆಯನ್ನು ಕಡೆದು ಆ ಹಕ್ಕನ್ನು ಸಂಪಾದಿಸಿದ್ದ. ಏನನ್ನೂ ಕಡೆಯದೆ ಹೆಸರನ್ನು ಮಾತ್ರ ಕೆತ್ತುವವರಿಗೆ ಆ ಹಕ್ಕಿಲ್ಲ. ಮುಟ್ಟದೆ ನೋಡುವುದನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಿ ಕರೆದೊಯ್ಯುವುದು ಒಳ್ಳೆಯದು.

ಹೀಗೆ ಬಳಪವನ್ನು ಕುರಿತ ವಿಚಾರವೆಲ್ಲ ಒಂದೇ ಗುಣಕ್ಕೆ ಬಂದು ನಿಲ್ಲುತ್ತದೆ. ಅದರ ಪದರಗಳು ಹಟ ಹಿಡಿಯದೆ ಕಳಚಿಕೊಳ್ಳುತ್ತವೆ. ಅಕ್ಷರ, ಶಿಲ್ಪ, ಪೌಡರು, ಧೂಳು ಎಲ್ಲವೂ ಆ ಕಳಚುವಿಕೆಯ ಫಲಗಳೇ. ನಮಗೆ ಬೇಕಾದಲ್ಲಿ ಕಳಚಿ, ಬೇಡವಾದಲ್ಲಿ ಸುಮ್ಮನಿರೆಂದು ಕಲ್ಲಿಗೆ ಹೇಳಲು ಬರುವುದಿಲ್ಲ. ಆ ವಿವೇಕವನ್ನು ಬಳಸುವವರೇ ಇಟ್ಟುಕೊಳ್ಳಬೇಕು. ಕಲ್ಲನ್ನು ಕೊಯ್ಯುವಲ್ಲಿ ನೀರು ಹಾಯಿಸಿದರೆ ಧೂಳು ಅಡಗುತ್ತದೆ. ಕೆಲಸಗಾರನಿಗೆ ಮುಖಕವಚ ಕೊಟ್ಟರೆ, ಆಗಾಗ ಎದೆಯ ಚಿತ್ರ ತೆಗೆಸಿದರೆ, ಎಷ್ಟೋ ಉಸಿರುಗಳು ಉಳಿಯುತ್ತವೆ. ತೊಟ್ಟಿಲ ಬಳಿಯಿಂದ ಪೌಡರಿನ ಡಬ್ಬಿಯನ್ನು ದೂರ ಇಡಬಹುದು. ಅಟ್ಟದ ಮೇಲಿನ ಕಲ್ಮರಿಗೆಯನ್ನು ಇಳಿಸಿ, ತೊಳೆದು, ಮತ್ತೆ ಪಳಗಿಸಿ, ಹುಳಿ ಕುದಿಸಬಹುದು. ಇವು ಯಾವುವೂ ದೊಡ್ಡ ಕೆಲಸಗಳಲ್ಲ. ಕಲ್ಲಿನ ಗುಣವನ್ನು ಅರಿತವರು ಮಾಡಬೇಕಾದ ಕೆಲಸಗಳು, ಅಷ್ಟೆ.